ಗುಜರಿಯಲ್ಲಿ ಸಿಕ್ಕ ವಿಮಾನದ ರೇಡಾರ್ ಪರದೆ: ಇದಕ್ಕೆ ವಿಡಿಯೋ ಕೊಡೋದು ಹೇಗೆ?

ಹಳೇರೇಡಿಯೋ
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ವಿಮಾನದ ಕಾಕ್‌ಪಿಟ್‌ನಿಂದ ಬಿಚ್ಚಿದ ಹವಾಮಾನ ರೇಡಾರ್ ಇಂಡಿಕೇಟರ್. ಬಣ್ಣದ ಪಿಕ್ಚರ್ ಟ್ಯೂಬ್ ಇದೆ, ಗಾಜು ಒಡೆದಿಲ್ಲ. ಹಿಂದುಗಡೆ ತಗಡಿನ ಮೇಲೆ 115 ವೋಲ್ಟ್, 400 ಹರ್ಟ್ಸ್ ಅಂತ ಬರೆದಿದೆ. ದುಂಡಗಿನ ಒಂದು ದೊಡ್ಡ ಕನೆಕ್ಟರ್ ಬಿಟ್ಟರೆ ಬೇರೆ ಏನೂ ಇಲ್ಲ. ಟಿವಿಗೆ ಇರುವ ಹಾಗೆ ವಿಡಿಯೋ ಇನ್‌ಪುಟ್ ಕಾಣಿಸ್ತಿಲ್ಲ.

ನಮ್ಮ ದೊಡ್ಡಪ್ಪ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದರು. ಈಗ 81 ವರ್ಷ. ಅವರ ಮುಂದೆ ಇದನ್ನು ಒಮ್ಮೆ ಬೆಳಗಿಸಬೇಕು ಅಂತ ನನ್ನ ಆಸೆ. ಕಂಪ್ಯೂಟರ್‌ನಿಂದ ವಿಡಿಯೋ ತೆಗೆದು ಇದಕ್ಕೆ ಕೊಡಬಹುದಾ? ಯಾವ ಪಿನ್ನಿಗೆ?

ಬೆಸುಗೆಕಡ್ಡಿ
ಮೊದಲು ಒಂದು ಮಾತು. ಮನೆಯ ಕರೆಂಟಿಗೆ ಮಾತ್ರ ಚುಚ್ಚಬೇಡಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ 115 ವೋಲ್ಟ್ ಮಾಡಿಕೊಂಡರೂ ಬೇಡ. ನಮ್ಮ ಮನೆಯದು 50 ಹರ್ಟ್ಸ್, ವಿಮಾನದ್ದು 400. ತೂಕ ಉಳಿಸಲು ಅಂತಲೇ 400 ಇಟ್ಟಿದ್ದಾರೆ, ಒಳಗಿನ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿ ಸಾಕಾಗುತ್ತದೆ. ಅದೇ ಚಿಕ್ಕ ಕಬ್ಬಿಣಕ್ಕೆ 50 ಹರ್ಟ್ಸ್ ಕೊಟ್ಟರೆ ಅದು ತಡೆಯಲ್ಲ. ಸುರುಳಿ ಕಾದು ಸುಟ್ಟು ಹೋಗುತ್ತದೆ.

ಪೈಲಟ್‌ಸೀಟು
ಚಿತ್ರ ಹಾಕಿ ಸಾರ್, ನೋಡೋಣ. ನಾನು ಹಾರಿಸುವ ವಿಮಾನದಲ್ಲಿ ಈಗ ಎಲ್ಲಾ ಎಲ್‌ಸಿಡಿ. ಇಂಥದ್ದನ್ನು ಟ್ರೇನಿಂಗ್ ಕಾಲದಲ್ಲಿ ನೋಡಿದ್ದು.

ಬಿಟ್ಟುಬಿಡದೆ
ಹಳೇರೇಡಿಯೋ ಅವರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ಗೊಂದಲ ಇದೆ. ತಪ್ಪು ನಿಮ್ಮದಲ್ಲ, ಆ ಪದದ್ದು. ರೇಡಾರ್ ಕೆಲಸದವರು ವಿಡಿಯೋ ಅಂದರೆ ಟಿವಿ ಚಿತ್ರ ಅಲ್ಲ. ರಿಸೀವರಿನ ಡಿಟೆಕ್ಟರ್‌ನಿಂದ ಹೊರಬರುವ ವೋಲ್ಟೇಜ್ ಇದೆಯಲ್ಲ, ಪ್ರತಿಧ್ವನಿ ಎಷ್ಟು ಜೋರಾಗಿದೆ ಅಂತ ಹೇಳುವ ಏರಿಳಿತ, ಅದಕ್ಕೇ ವಿಡಿಯೋ ಅಂತಾರೆ. ಅದರಲ್ಲಿ ಚಿತ್ರವೇ ಇಲ್ಲ. ಒಂದು ದಿಕ್ಕಿಗೆ ಒಂದು ಪಲ್ಸ್ ಕಳಿಸಿದ ಮೇಲೆ ಯಾವ ಹೊತ್ತಿಗೆ ಎಷ್ಟು ವಾಪಸ್ ಬಂತು, ಅಷ್ಟೇ. ಒಂದು ನಾಟಿಕಲ್ ಮೈಲಿ ಹೋಗಿ ಬರಲು ರೇಡಿಯೋ ಅಲೆಗೆ 12.36 ಮೈಕ್ರೋಸೆಕೆಂಡ್ ಬೇಕು. 100 ಮೈಲಿ ದೂರದ ಮೋಡದ ಪ್ರತಿಧ್ವನಿ 1,236 ಮೈಕ್ರೋಸೆಕೆಂಡ್ ಆದ ಮೇಲೆ ಬರುತ್ತದೆ. ಹಾಗೆ ಬಂದ ಒಂದು ಗೆರೆ. ಆಂಟೆನಾ ಸ್ವಲ್ಪ ತಿರುಗಿದ ಮೇಲೆ ಇನ್ನೊಂದು ಗೆರೆ.

ಹಳೇ ಕಾಲದ ಇಂಡಿಕೇಟರಿಗೆ ಮೂರು ತಂತಿ ವಿಷಯ ಬೇಕಿತ್ತು: ಈ ವಿಡಿಯೋ, ಪಲ್ಸ್ ಹೊರಟ ಕ್ಷಣ ಹೇಳುವ ಟ್ರಿಗರ್, ಆಂಟೆನಾ ಎತ್ತ ನೋಡ್ತಿದೆ ಅಂತ ಹೇಳುವ ಸಿಂಕ್ರೋ. ಟ್ರಿಗರ್ ಬಂದ ಕೂಡಲೇ ಟ್ಯೂಬಿನ ಕಿರಣ ಕೆಳಗಿನ ಮಧ್ಯದಿಂದ ಹೊರಗೆ ಓಡುತ್ತಿತ್ತು. ಓಡುವ ದಿಕ್ಕು ಸಿಂಕ್ರೋ ಹೇಳಿದ್ದು. ವಿಡಿಯೋ ಜೋರಾದ ಕಡೆ ಕಿರಣ ಬೆಳಗುತ್ತಿತ್ತು. ಚಿತ್ರ ಮೂಡುತ್ತಿದ್ದದ್ದು ಟ್ಯೂಬಿನ ಮೇಲೇ, ಅದಕ್ಕೆ ಮೊದಲು ಎಲ್ಲೂ ಇಲ್ಲ.

ಹಳೇರೇಡಿಯೋ
ಇದು ನನಗೆ ಹೊಳೆದೇ ಇರಲಿಲ್ಲ. ದೊಡ್ಡಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. 'ಅಳಿಸೋ ಬಟನ್ ಇದೆಯಾ ನೋಡು' ಅಂದರು. ಏನು ಅಳಿಸೋದು ಅಂತ ಕೇಳಿದರೆ ನಕ್ಕು ಸುಮ್ಮನಾದರು.

ನಿವೃತ್ತಫಿಟ್ಟರ್
ನಿಮ್ಮ ದೊಡ್ಡಪ್ಪ ಹೇಳ್ತಿರೋದು ಸ್ಟೋರೇಜ್ ಟ್ಯೂಬ್ ವಿಷಯ. ನಾನೂ ಅದೇ ಕಾಲದವನು, ಆದರೆ ವಾಯುಪಡೆ. ಆಂಟೆನಾ ಒಂದು ಸುತ್ತು ಮುಗಿಸಲು ಕೆಲವು ಸೆಕೆಂಡ್ ಬೇಕು. ಸಾಮಾನ್ಯ ಟ್ಯೂಬಿನಲ್ಲಿ ಅಷ್ಟರಲ್ಲಿ ಮೊದಲ ಗೆರೆ ಮಾಸಿ ಹೋಗುತ್ತಿತ್ತು. ಹಗಲಲ್ಲಿ ರಬ್ಬರ್ ಮುಸುಕಿನೊಳಗೆ ಮುಖ ಇಟ್ಟು ನೋಡಬೇಕಿತ್ತು. ಆಮೇಲೆ ಬಂದದ್ದು ಸ್ಟೋರೇಜ್ ಟ್ಯೂಬ್. ಅದರೊಳಗೆ ಒಂದು ಜಾಲರಿ. ಬರೆಯುವ ಕಿರಣ ಆ ಜಾಲರಿಯ ಮೇಲೆ ಚಾರ್ಜ್ ಬಿಟ್ಟು ಹೋಗುತ್ತದೆ. ಇನ್ನೊಂದು ಗನ್‌ನಿಂದ ಎಲೆಕ್ಟ್ರಾನ್ ಮಳೆ ಸುರಿದು ಆ ಚಾರ್ಜನ್ನು ಬೆಳಕಾಗಿ ತೋರಿಸುತ್ತದೆ. ಮುಸುಕು ಬೇಡ, ಬಿಸಿಲಲ್ಲೂ ಕಾಣುತ್ತಿತ್ತು. ಆದರೆ ಹಳೇ ಚಿತ್ರ ಉಳಿದುಬಿಡುತ್ತಿತ್ತು, ಅದಕ್ಕೇ ಅಳಿಸೋ ಬಟನ್. ವಿಮಾನ ತಿರುಗಿದ ಮೇಲೆ ಅಳಿಸದೆ ಇದ್ದರೆ ಒಂದೇ ಮೋಡ ಎರಡು ಕಡೆ.

ಮಲೆನಾಡಮಳೆ
ಓದೋಕೆ ತುಂಬಾ ಖುಷಿಯಾಗ್ತಿದೆ. ಒಂದು ಸಣ್ಣ ಪ್ರಶ್ನೆ. ರೇಡಾರ್ ಸರಿಯಾ, ರಾಡಾರ್ ಸರಿಯಾ? ನಮ್ಮ ಮೇಷ್ಟ್ರು ರಾಡಾರ್ ಅಂತಿದ್ದರು.

ಬೆಸುಗೆಕಡ್ಡಿ
ಎರಡೂ ಓಡುತ್ತೆ. ವಿಷಯಕ್ಕೆ ಬನ್ನಿ.

ನಿವೃತ್ತಫಿಟ್ಟರ್
ಇರಲಿ ಬಿಡಪ್ಪಾ, ಕೇಳಲಿ. ನಮ್ಮ ಯೂನಿಟ್ಟಿನಲ್ಲೂ ಅರ್ಧ ಜನ ರಾಡಾರ್ ಅಂತಲೇ ಅನ್ನುತ್ತಿದ್ದರು.

ಪೈಲಟ್‌ಸೀಟು
ಆ ಒಂದೇ ಬಣ್ಣದ ಕಾಲದ ಇನ್ನೊಂದು ವಿಷಯ ಹೇಳಲೇಬೇಕು. ಹಸಿರು ಪರದೆಯಲ್ಲಿ ಸಣ್ಣ ಮಳೆಯೂ ಬೆಳಕು, ಭಾರೀ ಮಳೆಯೂ ಬೆಳಕು. ವ್ಯತ್ಯಾಸ ತಿಳಿಯಲ್ಲ. ಅದಕ್ಕೆ ಕಾಂಟೂರ್ ಅಂತ ಒಂದು ಉಪಾಯ ಮಾಡಿದ್ದರು. ವಿಡಿಯೋ ಒಂದು ಮಟ್ಟ ದಾಟಿದರೆ ಸರ್ಕ್ಯೂಟ್ ಅದನ್ನು ತಲೆಕೆಳಗು ಮಾಡಿ ಕತ್ತಲೆ ಮಾಡುತ್ತಿತ್ತು. ಅಂದರೆ ಬೆಳಕಿನ ಮೋಡದ ನಡುವೆ ಒಂದು ಕಪ್ಪು ತೂತು. ಆ ತೂತೇ ಎಲ್ಲಕ್ಕಿಂತ ಅಪಾಯದ ಜಾಗ. ಮೋಡವೇ ಇಲ್ಲದ ಜಾಗವೂ ಕಪ್ಪು, ಕೊಲ್ಲುವ ಜಾಗವೂ ಕಪ್ಪು!

1977ರ ಏಪ್ರಿಲ್ 4, ಸದರ್ನ್ ಏರ್‌ವೇಸ್ 242. ಅಮೆರಿಕದ ಹಂಟ್ಸ್‌ವಿಲ್‌ನಿಂದ ಅಟ್ಲಾಂಟಾಗೆ ಹೊರಟ ಡಿಸಿ-9. ಮುಂದೆ ಭಾರೀ ಗುಡುಗು ಮೋಡ. ಪರದೆಯಲ್ಲಿ ಕಾಣ್ತಿರೋದು ತೂತಾ ಅಲ್ವಾ ಅಂತ ಇಬ್ಬರು ಪೈಲಟ್‌ಗಳೂ ಮಾತಾಡಿದ್ದು ಧ್ವನಿ ಮುದ್ರಣದಲ್ಲಿದೆ. ಒಳಗೆ ಹೋದರು. ಆಲಿಕಲ್ಲು, ನೀರು ನುಂಗಿ ಎರಡೂ ಎಂಜಿನ್ ಹೋದವು. ಜಾರ್ಜಿಯಾದ ನ್ಯೂ ಹೋಪ್‌ನಲ್ಲಿ ರಸ್ತೆ ಮೇಲೆ ಇಳಿಸಲು ನೋಡಿದರು. ನೆಲದ ಮೇಲಿದ್ದ 9 ಜನ ಸೇರಿ 72 ಸಾವು. ಮೋಡ ಹಾಯಲು ವಿಮಾನದ ರೇಡಾರನ್ನೇ ನಂಬಿದ್ದೂ ಒಂದು ಕಾರಣ ಅಂತ ತನಿಖಾ ವರದಿ ಹೇಳಿದೆ. ಈ ಘಟನೆ ನಮಗೆ ಕ್ಲಾಸಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಸಹ್ಯಾದ್ರಿಸುಮಾ
ಅಯ್ಯೋ. ಹಾಗಾದರೆ ಪರದೆ ಅವರಿಗೆ ಸುಳ್ಳು ಹೇಳಿತಾ?

ಪೈಲಟ್‌ಸೀಟು
ಸುಳ್ಳು ಅನ್ನೋಕಾಗಲ್ಲ ಮೇಡಂ. ವಿಮಾನದ ರೇಡಾರ್ ಎಕ್ಸ್ ಬ್ಯಾಂಡ್, ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ಭಾರೀ ಮಳೆ ಈ ಅಲೆಯನ್ನೇ ಕುಡಿದುಬಿಡುತ್ತದೆ. ಮುಂದಿನ ಮಳೆಯಲ್ಲೇ ಶಕ್ತಿ ಮುಗಿದರೆ ಹಿಂದಿನ ದೊಡ್ಡ ಮೋಡದಿಂದ ಏನೂ ವಾಪಸ್ ಬರಲ್ಲ. ಆ ಜಾಗ ಕಪ್ಪಾಗಿ ಕಾಣುತ್ತದೆ. ನಾವು ಅದನ್ನು ನೆರಳು ಅಂತೀವಿ. ಈಗಿನ ಕೆಲವು ರೇಡಾರ್‌ಗಳು ಹೀಗಾದ ದಿಕ್ಕಿನಲ್ಲಿ ಪರದೆಯ ಹೊರ ಅಂಚಿಗೆ ಹಳದಿ ಪಟ್ಟಿ ಹಾಕಿ ಎಚ್ಚರಿಸುತ್ತವೆ. ನಾನಂತೂ ಆಂಟೆನಾ ಸ್ವಲ್ಪ ಕೆಳಗೆ ಬಾಗಿಸಿ, ಮೋಡದ ಹಿಂದೆ ನೆಲ ಕಾಣುತ್ತಾ ನೋಡ್ತೀನಿ. ನೆಲವೂ ಕಾಣದಿದ್ದರೆ ಆ ಕಡೆ ಹೋಗಲ್ಲ.

ಮಲೆನಾಡಮಳೆ
ಜುಲೈನಲ್ಲಿ ಮಂಗಳೂರಿಗೆ ಹೋಗುವಾಗ ಯಾಕಪ್ಪಾ ಇಷ್ಟು ಸುತ್ತು ಹಾಕ್ತಾರೆ ಅಂತ ಬೈಕೊಂಡಿದ್ದೆ. ಇನ್ನು ಬೈಯಲ್ಲ.

ಬಿಟ್ಟುಬಿಡದೆ
ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಬಣ್ಣದ ಟ್ಯೂಬ್ ಅಂದ ಮೇಲೆ ಅದು ಡಿಜಿಟಲ್. ಕನೆಕ್ಟರ್‌ನಿಂದ ಜಾಲರಿ ಹೊದಿಸಿದ, ಹೆಣೆದ ಜೋಡಿ ತಂತಿ ಒಳಗೆ ಹೋಗಿ ಬೆರಳಿನುಗುರಿನಷ್ಟು ಟ್ರಾನ್ಸ್‌ಫಾರ್ಮರಿಗೆ ಸೇರುತ್ತಾ ನೋಡಿ. ಹೌದಾದರೆ ಅದು ಆರಿಂಕ್ 453 ಬಸ್. ಆರಿಂಕ್ ಅಂದರೆ ವಿಮಾನದ ಎಲೆಕ್ಟ್ರಾನಿಕ್ಸಿಗೆ ಇರುವ ನಿಯಮಗಳು, ಬಸ್ ಅಂದರೆ ಅಂಕಿಗಳು ಓಡುವ ತಂತಿ. ಅದರ ಮೇಲೆ ಓಡುವ ಭಾಷೆ ಆರಿಂಕ್ 708.

ಇಲ್ಲಿ ವೋಲ್ಟೇಜ್ ಏರಿಳಿತ ಪರದೆವರೆಗೆ ಬರೋದೇ ಇಲ್ಲ. ರೇಡಾರ್ ಪೆಟ್ಟಿಗೆಯೊಳಗೇ ಅದನ್ನು ಕತ್ತರಿಸಿ ಅಂಕಿ ಮಾಡಿ ಕಳಿಸ್ತಾರೆ. ಒಂದು ಗೆರೆಗೆ 1,600 ಬಿಟ್. ಮೊದಲ 64 ಬಿಟ್ ಹೆಡರ್: ಮೋಡ್, ಟಿಲ್ಟ್ (ಆಂಟೆನಾ ಮೇಲೆ-ಕೆಳಗೆ ಎಷ್ಟು ಬಾಗಿದೆ), ಗೇನ್ (ರಿಸೀವರಿನ ಸೂಕ್ಷ್ಮತೆ), ರೇಂಜ್, ಆಂಟೆನಾ ಕೋನ. ಉಳಿದ 1,536 ಬಿಟ್‌ನಲ್ಲಿ 512 ಮನೆ, ಒಂದೊಂದಕ್ಕೆ 3 ಬಿಟ್. ರೇಂಜ್ 320 ಮೈಲಿ ಇಟ್ಟರೆ ಒಂದು ಮನೆ ಅಂದರೆ 0.625 ಮೈಲಿ. 40 ಇಟ್ಟರೆ ಸುಮಾರು 145 ಮೀಟರ್. 000 ಕಪ್ಪು, 001 ಹಸಿರು, 010 ಹಳದಿ, 011 ಕೆಂಪು, 100 ಮಜೆಂಟಾ. ವೇಗ ಸೆಕೆಂಡಿಗೆ 10 ಲಕ್ಷ ಬಿಟ್, ಮ್ಯಾಂಚೆಸ್ಟರ್ ಕೋಡ್ (ಪ್ರತಿ ಬಿಟ್ಟಿನ ನಡುವೆ ವೋಲ್ಟೇಜ್ ತಿರುಗುವ ಬಗೆ). ಒಂದು ಗೆರೆ 1.6 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ಬಣ್ಣ ಬಂದ ಮೇಲೆ ಆ ತೂತಿನ ತೊಂದರೆ ತಪ್ಪಿತು. ಭಾರೀ ಮಳೆ ಕೆಂಪು, ಏನೂ ಬರದಿದ್ದರೆ ಕಪ್ಪು. ಕಪ್ಪಿಗೆ ಮಾತ್ರ ಈಗಲೂ ಎರಡು ಅರ್ಥ ಇದೆ, ಪೈಲಟ್‌ಸೀಟು ಹೇಳಿದ ನೆರಳು ಮರೀಬೇಡಿ.

ಚಿಪ್ಪುಚೂರು
ಇದೆಲ್ಲಾ ಹಳೇ ಕಥೆ. ಈಗ ಆರಿಂಕ್ 818 ಬಂದಿದೆ, ಫೈಬರ್ ಮೇಲೆ ಪೂರಾ ವಿಡಿಯೋ ಬರುತ್ತೆ. ಬೋಯಿಂಗ್ 787ರಲ್ಲಿ ಅದೇ. 3 ಬಿಟ್ ಬಣ್ಣ ಯಾರಿಗೆ ಬೇಕು?

ಬಿಟ್ಟುಬಿಡದೆ
ಎರಡನ್ನೂ ಕಲಸಬೇಡಿ. 818 ಬೇರೆ ಕೆಲಸಕ್ಕೆ. ಕ್ಯಾಮೆರಾ, ಇನ್‌ಫ್ರಾರೆಡ್ ಸೆನ್ಸರ್, ಕಂಪ್ಯೂಟರ್‌ನಿಂದ ಪರದೆಗೆ ಹೋಗುವ ಸಿದ್ಧ ಚಿತ್ರ, ಇಂಥದ್ದಕ್ಕೆ. ಅದರಲ್ಲಿ ಬರೋದು ನಿಜಕ್ಕೂ ಚಿತ್ರವೇ, ಒತ್ತದೆ, ಕುಗ್ಗಿಸದೆ, ತಡ ಇಲ್ಲದೆ. ಹವಾಮಾನ ರೇಡಾರ್ ಕಳಿಸೋದು ಗೆರೆಗಳನ್ನು. ಗೆರೆಯಿಂದ ಚಿತ್ರ ಮಾಡೋದು ಪರದೆ ಕಡೆಯ ಕಂಪ್ಯೂಟರ್. 3 ಬಿಟ್ ಸಾಲದು ಅಂತೀರಿ. ಮೋಡಗಳ ನಡುವೆ ಇರುವ ಪೈಲಟ್‌ಗೆ 256 ಬಗೆಯ ಹಸಿರು ತೋರಿಸಿ ಏನು ಮಾಡ್ತೀರಿ?

ಚಿಪ್ಪುಚೂರು
ಒಪ್ಪಿದೆ, 818 ವಿಷಯ ನಾನು ಬೆರೆಸಿದೆ. ಆದರೆ ಮಾಹಿತಿ ಬಿಸಾಡೋದು ನನಗೆ ಇಷ್ಟ ಇಲ್ಲ. ಗಡಿ ಎಲ್ಲಿ ಅಂತ ಯಾರೋ ಕೂತು ನಿರ್ಧಾರ ಮಾಡಿರ್ತಾರೆ. ಗಡಿಗಿಂತ ಒಂದು ಕೂದಲು ಕೆಳಗಿದ್ದರೆ ಹಳದಿ, ಮೇಲಿದ್ದರೆ ಕೆಂಪು. ನೋಡುವವನಿಗೆ ಅದು ಗೊತ್ತೇ ಆಗಲ್ಲ.

ಪೈಲಟ್‌ಸೀಟು
ಆ ಗಡಿಗಳನ್ನು ನಾವು ಕಲಿತೇ ಕೂರೋದು. ಸಾಮಾನ್ಯವಾಗಿ 20 ಡಿಬಿಝಡ್‌ನಿಂದ (ಮಳೆಯಿಂದ ಅಲೆ ಎಷ್ಟು ಜೋರಾಗಿ ವಾಪಸ್ ಬರುತ್ತೆ ಅನ್ನೋ ಅಳತೆ) ಹಸಿರು, 30ರಿಂದ ಹಳದಿ, 40ರಿಂದ ಕೆಂಪು. ಮಜೆಂಟಾ ಹೆಚ್ಚಾಗಿ ಅಲುಗಾಟಕ್ಕೆ. ಗೇನ್ ಕೈಯಲ್ಲಿ ತಿರುಗಿಸಿದರೆ ಈ ಲೆಕ್ಕ ಎಲ್ಲಾ ಬದಲಾಗುತ್ತದೆ. ನೀವು ಹೇಳೋದೂ ನಿಜ. ಒಣ ಹಿಮದ ಹರಳುಗಳು ಅಲೆಯನ್ನು ಬಹಳ ಕಡಿಮೆ ವಾಪಸ್ ಕಳಿಸ್ತವೆ. ದೊಡ್ಡ ಮೋಡದ ನೆತ್ತಿಯಲ್ಲಿ ಪರದೆ ಬರೀ ಹಸಿರು ತೋರಿಸಬಹುದು, ಅಥವಾ ಏನೂ ತೋರಿಸದೆ ಇರಬಹುದು.

ಸಹ್ಯಾದ್ರಿಸುಮಾ
ನಾನು ಗ್ರಾಫಿಕ್ಸ್ ಸಾಫ್ಟ್‌ವೇರ್ ಬರೆಯೋಳು. ಗೆರೆಯಿಂದ ಚಿತ್ರ ಮಾಡೋದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ. ಕೋನ ಮತ್ತು ದೂರವನ್ನು ಅಡ್ಡ-ಉದ್ದ ಮಾಡೋದು ಸೈನ್, ಕೊಸೈನ್ ಅಷ್ಟೇ ಅಲ್ವಾ?

ಬಿಟ್ಟುಬಿಡದೆ
ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇದಕ್ಕೆ ಸ್ಕ್ಯಾನ್ ಕನ್ವರ್ಟರ್ ಅಂತಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಸೆಕೆಂಡಿಗೆ 180 ಗೆರೆ, ಆಂಟೆನಾ 180 ಡಿಗ್ರಿ ಗುಡಿಸಲು 4 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಟ್ಟು 720 ಗೆರೆ, ಎರಡು ಗೆರೆ ನಡುವೆ ಕಾಲು ಡಿಗ್ರಿ. ವಿಮಾನದ ಹತ್ತಿರ ಎಷ್ಟೋ ಗೆರೆಗಳು ಒಂದೇ ಪಿಕ್ಸೆಲ್ ಮೇಲೆ ಬೀಳುತ್ತವೆ. 320 ಮೈಲಿ ಆಚೆ ಅದೇ ಕಾಲು ಡಿಗ್ರಿ ಅಂದರೆ ಸುಮಾರು 1.4 ಮೈಲಿ ಅಂತರ. ಪರದೆಯ ಪಿಕ್ಸೆಲ್ ಸಣ್ಣದಾಗಿದ್ದರೆ ನಡುವೆ ಖಾಲಿ ಉಳಿಯುತ್ತದೆ, ರಾಗಿ ಜರಡಿ ಥರ ಕಾಣುತ್ತದೆ. ಅದನ್ನು ತುಂಬಬೇಕು. ಒಂದೇ ಪಿಕ್ಸೆಲ್ಲಿಗೆ ಹತ್ತು ಬೆಲೆ ಬಂದಾಗ ಯಾವುದನ್ನು ಇಡೋದು? ಫೋಟೋ ಆದರೆ ಸರಾಸರಿ ತೆಗೆಯಬಹುದು. ಇಲ್ಲಿ ಸರಾಸರಿ ತೆಗೆದರೆ ಒಂಬತ್ತು ಹಸಿರಿನ ನಡುವೆ ಇದ್ದ ಒಂದು ಕೆಂಪು ಮಾಯ. ಹಾಗಾಗಿ ಇದ್ದದ್ದರಲ್ಲಿ ದೊಡ್ಡದನ್ನೇ ಉಳಿಸಬೇಕು.

ಇನ್ನೊಂದು ತಲೆನೋವು. ಈ 4 ಸೆಕೆಂಡಿನಲ್ಲಿ ವಿಮಾನ ನಿಂತಿರಲ್ಲ. ಎಡ ತುದಿಯ ಗೆರೆ ಹೊಸದು, ಬಲ ತುದಿಯದು 4 ಸೆಕೆಂಡ್ ಹಳೆಯದು. ಅಷ್ಟರಲ್ಲಿ ವಿಮಾನ ಹತ್ತು ಡಿಗ್ರಿ ತಿರುಗಿದ್ದರೆ? ನೆನಪಿನಲ್ಲಿರುವ ಚಿತ್ರವನ್ನು ಹೆಡಿಂಗ್ (ವಿಮಾನದ ಮೂಗು ಇರುವ ದಿಕ್ಕು) ನೋಡಿ ತಿರುಗಿಸಿ ಹಾಕಬೇಕು. ಹನಿವೆಲ್‌ನ ಆರ್‌ಡಿಆರ್-4000ದಂಥ ಹೊಸ ರೇಡಾರ್‌ಗಳಲ್ಲಿ ಇದು ಎಷ್ಟು ಮುಂದೆ ಹೋಗಿದೆ ಅಂದರೆ, ಆಕಾಶದ ಮೂರು ಆಯಾಮದ ನಕಲನ್ನೇ ಮೆಮೊರಿಯಲ್ಲಿ ಇಟ್ಟಿರ್ತಾರೆ. ಪರದೆಗೆ ಬೇಕಾದ ಹೋಳು ಅದರಿಂದ ತೆಗೆದು ಕೊಡ್ತಾರೆ. ನೋಡೋದು ಆಕಾಶವನ್ನಲ್ಲ, ನೆನಪನ್ನು.

ಸಹ್ಯಾದ್ರಿಸುಮಾ
ಸರಾಸರಿ ಬೇಡ ಅನ್ನೋ ಮಾತು ಇಡೀ ದಿನ ತಲೆಯಲ್ಲಿತ್ತು. ನಮ್ಮ ಕೆಲಸದಲ್ಲಿ ಚಿತ್ರ ನುಣುಪಾಗಿದ್ದರೆ ಎಲ್ಲರೂ ಮೆಚ್ಚುತ್ತಾರೆ.

ನಿವೃತ್ತಫಿಟ್ಟರ್
ಫೈಟರ್ ವಿಮಾನದ್ದು ಸ್ವಲ್ಪ ಬೇರೆ. ಅಲ್ಲಿ ಬಿ ಸ್ಕೋಪ್ ಅಂತ. ಅಡ್ಡಕ್ಕೆ ಕೋನ, ಉದ್ದಕ್ಕೆ ದೂರ, ಬೀಸಣಿಗೆ ಆಕಾರವೇ ಇಲ್ಲ. ವಿಮಾನದ ಮೂಗಿನ ಒಂದು ಬಿಂದು ಇಡೀ ಕೆಳಗಿನ ಅಂಚಾಗಿ ಹರಡಿಕೊಳ್ಳುತ್ತದೆ. ವೇಗ ನೋಡಿ ಗುರಿ ಹೆಕ್ಕುವ ಪಲ್ಸ್ ಡಾಪ್ಲರ್ ರೇಡಾರ್ ಬಂದ ಮೇಲೆ ಗಾಳಿಯಲ್ಲಿರುವ ಗುರಿಗೆ ಕಚ್ಚಾ ವಿಡಿಯೋ ತೋರಿಸೋದೇ ನಿಂತಿತು. ಕಂಪ್ಯೂಟರ್ ಲೆಕ್ಕ ಹಾಕಿ ಇಲ್ಲಿ ಒಂದು ವಿಮಾನ ಇದೆ ಅಂತ ಪುಟ್ಟ ಗುರುತು ಹಾಕುತ್ತದೆ, ಅಷ್ಟೇ. ಕಚ್ಚಾ ವಿಡಿಯೋದಲ್ಲಿ ಗದ್ದಲದೊಳಗಿಂದ ಗುರಿ ಹೆಕ್ಕೋದು ಒಂದು ಕೈಚಳಕ ಆಗಿತ್ತು. ಆ ಕಣ್ಣು ಇರೋರು ಈಗ ಕಡಿಮೆ.

ರೇಡಾರ್‌ನಿಂದ ಪರದೆಗೆ ತಂತಿ ಎಳೆಯಲು ನ್ಯಾಟೋದವರ ಸ್ಟಾನಾಗ್ 3350 ಅಂತ ಒಂದು ಅನಲಾಗ್ ನಿಯಮ ಇತ್ತು. ಎ, ಬಿ, ಸಿ ಅಂತ ಮೂರು ಬಗೆ: 875, 625, 525 ಗೆರೆ. 625 ಅಂದರೆ ನಮ್ಮ ದೂರದರ್ಶನದ ಗೆರೆಗಳಷ್ಟೇ.

ಮಲೆನಾಡಮಳೆ
ತೇಜಸ್‌ನಲ್ಲಿ ಹೇಗಿದೆ ಸಾರ್?

ನಿವೃತ್ತಫಿಟ್ಟರ್
ಮೂರು 5×5 ಇಂಚಿನ ಬಣ್ಣದ ಪರದೆ, ಮೇಲೆ ಚಂಡೀಗಢದ ಸಿಎಸ್‌ಐಒ ಸಂಶೋಧನಾ ಸಂಸ್ಥೆ ಮಾಡಿದ ಹೆಡ್ ಅಪ್ ಡಿಸ್‌ಪ್ಲೇ (ಪೈಲಟ್ ಕಣ್ಣೆದುರಿನ ಗಾಜಿನ ಪರದೆ). ನಮ್ಮ ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇಯವರು ಅದಕ್ಕಾಗಿ ಮಾಡಿದ ಉತ್ತಮ್ ರೇಡಾರಿನ ಆಂಟೆನಾ ತಿರುಗೋದೇ ಇಲ್ಲ, ಎಲೆಕ್ಟ್ರಾನಿಕ್ ಆಗಿ ಕಿರಣ ಹಾರುತ್ತದೆ. ಗುಡಿಸುವ ಗೆರೆ ಅನ್ನೋ ಮಾತೇ ಅಲ್ಲಿ ಹೊಂದಲ್ಲ. ಇದಕ್ಕಿಂತ ಜಾಸ್ತಿ ನಾನು ಹೇಳಬಾರದು.

ಹಳೇರೇಡಿಯೋ
ಮೂರು ವಾರ ಆಯ್ತು, ಸುದ್ದಿ ಇದೆ. ಪುಟ್ಟ ಟ್ರಾನ್ಸ್‌ಫಾರ್ಮರ್ ಸಿಕ್ಕಿತು, 453 ಬಸ್ಸೇ. ಬೆಸುಗೆಕಡ್ಡಿ ಅಣ್ಣನ ಮಾತು ಕೇಳಿ ಎಸ್‌ಪಿ ರೋಡಿನಲ್ಲಿ ಎರಡು ದಿನ ಅಲೆದೆ. 28 ವೋಲ್ಟ್ ಡಿಸಿ ತಗೊಂಡು 115 ವೋಲ್ಟ್ 400 ಹರ್ಟ್ಸ್ ಕೊಡುವ ಹಳೇ ವಿಮಾನದ ಇನ್ವರ್ಟರ್ ಒಬ್ಬರ ಹತ್ತಿರ ಇತ್ತು. ಟ್ಯೂಬ್ ಬೆಳಗಿತು! ಒಂದು ಎಫ್‌ಪಿಜಿಎ ಬೋರ್ಡಿನಿಂದ (ಬೇಕಾದ ಸರ್ಕ್ಯೂಟನ್ನು ಒಳಗೇ ರೂಪಿಸಿಕೊಳ್ಳಬಹುದಾದ ಚಿಪ್) 708 ಗೆರೆ ಕಳಿಸ್ತಿದ್ದೀನಿ. ಪಣಜಿಯಲ್ಲಿರುವ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಚಿತ್ರ ತಗೊಂಡು, ಪಿಕ್ಸೆಲ್‌ಗಳನ್ನು ಉಲ್ಟಾ ಗೆರೆ ಮಾಡಿದೆ. ಘಟ್ಟದ ಮೇಲಿನ ಮಳೆ ತೋರಿಸಬೇಕು ಅಂತ.

ತೊಂದರೆ: ಆಕಾರ ಸರಿ ಇದೆ. ಹಳದಿಯೂ ಸರಿಯಾದ ಜಾಗದಲ್ಲೇ ಇದೆ. ಹಸಿರು ಇರಬೇಕಾದ ಕಡೆಯೆಲ್ಲಾ ಮಜೆಂಟಾ. ಕೆಂಪು ಎಲ್ಲೂ ಇಲ್ಲ. ಟ್ಯೂಬ್ ಹೋಗಿದೆಯಾ?

ಚಿಪ್ಪುಚೂರು
ಟ್ಯೂಬ್ ಗಟ್ಟಿಯಾಗಿದೆ, ಹೆದರಬೇಡಿ. ಹಳದಿ ಮಾತ್ರ ಸರಿ ಇದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. 010 ಹಿಂದುಮುಂದಾದರೂ 010. ಹಸಿರು 001 ಹಿಂದುಮುಂದಾದರೆ 100, ಅಂದರೆ ಮಜೆಂಟಾ. ಕೆಂಪು 011 ಹೋಗಿ 110 ಆಯ್ತು, ಅದು ಕೆಂಪಲ್ಲ. ಪ್ರತಿ ಮನೆಯ 3 ಬಿಟ್‌ಗಳನ್ನು ನೀವು ತಲೆಕೆಳಗಾಗಿ ಕಳಿಸ್ತಿದ್ದೀರಿ.

ಬಿಟ್ಟುಬಿಡದೆ
ಭಲೇ. ನನಗೆ ಇಷ್ಟು ಬೇಗ ಹೊಳೆಯುತ್ತಿರಲಿಲ್ಲ.

ಬೆಸುಗೆಕಡ್ಡಿ
ಸ್ವಿಚ್ ಆರಿಸಿದ ಮೇಲೂ ಟ್ಯೂಬಿನ ಆನೋಡ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಮುಚ್ಚಳ ತೆಗೆದು ಕೈ ಹಾಕಬೇಡಿ. ಅರ್ಥ್ ಮಾಡಿಯೇ ಮುಟ್ಟಿ.

ಹಳೇರೇಡಿಯೋ
ಬಿಟ್ ತಿರುಗಿಸಿದೆ. ಸರಿಹೋಯ್ತು. ಚಿಪ್ಪುಚೂರು ಅವರಿಗೆ ದೊಡ್ಡ ನಮಸ್ಕಾರ.

ನಿನ್ನೆ ಸಂಜೆ ದೊಡ್ಡಪ್ಪನನ್ನು ಕರ್ಕೊಂಡು ಬಂದೆ. ಕೋಣೆಯ ದೀಪ ಆರಿಸಿದ್ದೆ. ಕರಾವಳಿಯಿಂದ ಘಟ್ಟದವರೆಗೆ ಹಸಿರು, ನಡುವೆ ಹಳದಿ, ಎರಡು ಕಡೆ ಕೆಂಪು. ತುಂಬಾ ಹೊತ್ತು ಮಾತೇ ಆಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿದರು. ಆಮೇಲೆ ಪರದೆಯ ಮೂಲೆಗೆ ಬೆರಳಿಟ್ಟು, 'ಟಿಲ್ಟ್ ಸೊನ್ನೆ ಯಾಕಿದೆಯೋ?' ಅಂದರು. ಹೆಡರ್‌ನಲ್ಲಿ ಸುಮ್ನೆ ಸೊನ್ನೆ ಹಾಕಿದ್ದೆ. ಏನು ಹಾಕಬೇಕಿತ್ತು?

ಪೈಲಟ್‌ಸೀಟು
ನಿಮ್ಮ ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳಿ. ನಾವೂ ಬಣ್ಣಕ್ಕಿಂತ ಮೊದಲು ಅದನ್ನೇ ನೋಡೋದು. 1 ಡಿಗ್ರಿ ವ್ಯತ್ಯಾಸ ಅಂದರೆ 60 ಮೈಲಿ ದೂರದಲ್ಲಿ ಸುಮಾರು 6,000 ಅಡಿ. ಎತ್ತರದಲ್ಲಿ ಹಾರುವಾಗ ಸೊನ್ನೆ ಇಟ್ಟರೆ ಮಳೆ ಇರುವ ಹೊಟ್ಟೆ ಬಿಟ್ಟು ಮೋಡದ ಹಿಮದ ತಲೆಯನ್ನೇ ನೋಡ್ತಾ ಕೂರಬೇಕು. ಯಾವ ಎತ್ತರದಲ್ಲಿ ಹಾರ್ತಿದ್ದೀವಿ ಅಂತ ಅವರನ್ನೇ ಕೇಳಿ, ಅವರು ಹೇಳಿದ ಅಂಕಿ ಹಾಕಿ.

ಹಳೇರೇಡಿಯೋ
ಕೇಳಿದೆ. '35 ಸಾವಿರ ಅಡಿ, ಕೆಳಗೆ ಒಂದೂವರೆ ಡಿಗ್ರಿ ಇಡು' ಅಂದರು. ಇಟ್ಟಿದ್ದೀನಿ. ಭಾನುವಾರ ಮತ್ತೆ ಬರ್ತಾರಂತೆ, ರೇಂಜ್ ಬದಲಿಸೋ ನಾಬ್ ಕೆಲಸ ಮಾಡೋ ಹಾಗೆ ಮಾಡಿಡು ಅಂದಿದ್ದಾರೆ. ಅದರ ತಂತಿ ಯಾವ ಪಿನ್ನಿಗೆ ಹೋಗುತ್ತೆ ಅಂತ ಹುಡುಕ್ತಿದ್ದೀನಿ.

ಬೆಸುಗೆಕಡ್ಡಿ
ಕನೆಕ್ಟರಿನ ಹತ್ತಿರದ ಫೋಟೋ ಹಾಕಿ. ಬೆಳಕು ಚೆನ್ನಾಗಿರಲಿ.